ಊರಿಲ್ಲದ ವೀರಗಲ್ಲು

(ಬೇಗಂಪೇಟೆಯಲ್ಲಿ ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರೆಹ ರೂಪ)



ಹೋದ ತಿಂಗಳು ಇದೇ ಸಭಾಂಗಣದಲ್ಲಿ ಸಂಘದವರು ‘ಮೇರಿ ಕೋಮ್’ ಚಿತ್ರವನ್ನು ತೋರಿಸಿದರು. ಚಿತ್ರ ಮುಗಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆಯೇ ಕಾರ್ಯದರ್ಶಿಗಳು ನನ್ನ ಬಳಿಗೆ ಬಂದು, “ನೀವು ಇಂಫಾಲದಲ್ಲಿ ಇದ್ದು ಬಂದವರು, ಮುಂದಿನ ತಿಂಗಳು ಇದರ ಮೇಲೆಯೇ ಮಾತನಾಡಿ” ಎಂದರು. ನಾನು ಚಿತ್ರ ವಿಮರ್ಶಕನಲ್ಲ. ಬಾಕ್ಸಿಂಗಿನ ಒಳಹೊರಗು ಬಲ್ಲವನೂ ಅಲ್ಲ. ಕೇಂದ್ರ ಸರ್ಕಾರದ ಕಡತಗಳ ನಡುವೆ ಕೂದಲು ಬೆಳ್ಳಗಾಗಿಸಿಕೊಂಡವನು. ಆದರೂ ಒಪ್ಪಿಕೊಂಡೆ. ಏಕೆಂದರೆ ಈ ಚಿತ್ರದ ವಿಷಯದಲ್ಲಿ ನಾನು ಒಬ್ಬರಿಗೆ ಕೊಡಬೇಕಾದ ಉತ್ತರವೊಂದು ಹತ್ತು ವರ್ಷಕ್ಕೂ ಮೀರಿ ಬಾಕಿ ಉಳಿದಿದೆ.

ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಇಂಫಾಲದ ನಮ್ಮ ಕಚೇರಿಯಲ್ಲಿ ಕೋಮ್ ಜನಾಂಗಕ್ಕೆ ಸೇರಿದ ಹಿರಿಯ ಗುಮಾಸ್ತರೊಬ್ಬರಿದ್ದರು. ಮಿತಭಾಷಿ, ಅಚ್ಚುಕಟ್ಟಾದ ಕೆಲಸಗಾರ. ನಾನು ವರ್ಗವಾಗಿ ಹೈದರಾಬಾದಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ದೂರವಾಣಿ ಮಾಡುತ್ತಿದ್ದರು. ೨೦೧೪ರ ಸೆಪ್ಟೆಂಬರಿನಲ್ಲಿ ಮಾತ್ರ ಹಬ್ಬವಿಲ್ಲದೆಯೂ ಅವರ ಕರೆ ಬಂತು. “ಸರ್, ನಮ್ಮ ಮೇರಿಯ ಸಿನಿಮಾ ಬಂದಿದೆಯಂತೆ. ಇಲ್ಲಿ ತೋರಿಸುವುದಿಲ್ಲ. ನೀವು ನೋಡಿ ಹೇಗಿದೆ ಎಂದು ನನಗೆ ಹೇಳಬೇಕು” ಎಂದರು. ಆ ವಾರವೇ ನೋಡಿದೆ. ಮರುದಿನ ಕರೆ ಮಾಡಿ, ಚೆನ್ನಾಗಿದೆ, ಕಣ್ಣಲ್ಲಿ ನೀರು ಬಂತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಅದರಲ್ಲಿ ನಮ್ಮ ಭಾಷೆಯ ಒಂದು ಮಾತಾದರೂ ಇದೆಯೆ, ಸರ್?”

ನಾನು ನಿರುತ್ತರನಾದೆ. ಇದೆ ಎನ್ನಲು ನೆನಪಾಗಲಿಲ್ಲ. ಇಲ್ಲ ಎನ್ನಲು ನಾನು ಅದಕ್ಕೆ ಕಿವಿಗೊಟ್ಟೇ ಇರಲಿಲ್ಲ. ಎರಡು ಗಂಟೆಯ ಕಾಲ ಆ ಹೆಣ್ಣುಮಗಳ ಜೀವನವನ್ನು ನೋಡಿದವನಿಗೆ ಅವಳು ಯಾವ ಭಾಷೆಯಲ್ಲಿ ತಾಯಿಯನ್ನು ಕರೆದಿದ್ದಳು ಎಂಬ ಪ್ರಶ್ನೆ ಹುಟ್ಟಿರಲಿಲ್ಲ. ಹೊರನಾಡಿನಲ್ಲಿ ಕುಳಿತು ಕನ್ನಡ ಕನ್ನಡ ಎನ್ನುವ ನನಗೆ!

*

ಮೊದಲು ಜೀವನ, ಆಮೇಲೆ ಚಿತ್ರ.

ಮಣಿಪುರದ ಚುರಾಚಾಂದ್‌ಪುರ ಜಿಲ್ಲೆಯ ಕಾಂಗಥೆ ಎಂಬ ಹಳ್ಳಿ. ಪರರ ಹೊಲಗಳಲ್ಲಿ ದುಡಿಯುವ ತಂದೆ ತಾಯಿ. ಮಗಳ ಹೆಸರು ಚುಂಗ್ನೈಜಾಂಗ್. ಕ್ರೈಸ್ತ ಹೆಸರು ಮೇರಿ. ಕೋಮರು ಕೆಲವೇ ಸಾವಿರ ಜನಸಂಖ್ಯೆಯ ಗಿರಿಜನ ಸಮುದಾಯ. ಅವರ ಭಾಷೆ ಬೇರೆ, ಇಂಫಾಲ ಕಣಿವೆಯ ಮೈತೇಯಿ ಜನರ ಭಾಷೆ ಬೇರೆ. ೧೯೯೮ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದ ಡಿಂಕೊ ಸಿಂಗ್ ಬಾಕ್ಸಿಂಗಿನಲ್ಲಿ ಚಿನ್ನ ಗೆದ್ದು ಬಂದಾಗ ಆ ರಾಜ್ಯದ ಹುಡುಗ ಹುಡುಗಿಯರಿಗೆಲ್ಲ ಮುಷ್ಟಿ ಬಿಗಿಯುವ ಹುಚ್ಚು ಹಿಡಿಯಿತು. ಓಟ, ಈಟಿ ಎಸೆತಗಳಲ್ಲಿದ್ದ ಈ ಹುಡುಗಿ ಇಂಫಾಲಕ್ಕೆ ಹೋಗಿ ಇಬೋಮ್ಚಾ ಸಿಂಗ್, ನರ್ಜಿತ್ ಸಿಂಗ್ ಮೊದಲಾದ ಗುರುಗಳ ಬಳಿ ಬಾಕ್ಸಿಂಗ್ ಕಲಿತಳು. ಮನೆಗೆ ಹೇಳಿರಲಿಲ್ಲ. ಪತ್ರಿಕೆಯಲ್ಲಿ ಮಗಳ ಚಿತ್ರ ಬಂದಾಗಲೇ ತಂದೆಗೆ ತಿಳಿದದ್ದು. ಹೊಡೆತ ತಿಂದು ಮುಖ ಕೆಟ್ಟರೆ ಮದುವೆಯಾಗುವವರು ಯಾರು ಎಂಬುದು ಅವರ ಚಿಂತೆ. ಈ ಮಾತನ್ನು ನಾವು ನಮ್ಮ ನಮ್ಮ ಊರುಗಳಲ್ಲಿ ಬೇರೆ ಬೇರೆ ರೂಪದಲ್ಲಿ ಕೇಳಿದ್ದೇವೆ.

ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ೨೦೦೧ರಲ್ಲಿ, ಅಮೆರಿಕದ ಸ್ಕ್ರಾಂಟನ್ ಎಂಬಲ್ಲಿ. ಅಲ್ಲಿ ಮೇರಿಗೆ ಬೆಳ್ಳಿ. ಮುಂದೆ ೨೦೦೨, ೨೦೦೫, ೨೦೦೬, ೨೦೦೮, ೨೦೧೦ ಮತ್ತು ೨೦೧೮ರಲ್ಲಿ ಚಿನ್ನ, ೨೦೧೯ರಲ್ಲಿ ಕಂಚು. ನಡುವೆ ಮದುವೆ, ೨೦೦೭ರಲ್ಲಿ ಅವಳಿ ಮಕ್ಕಳು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಕ್ಸಿಂಗಿಗೆ ಸ್ಥಾನ ದೊರೆತದ್ದೇ ೨೦೧೨ರ ಲಂಡನ್ ಕೂಟದಲ್ಲಿ. ಅಲ್ಲಿದ್ದದ್ದು ಮೂರೇ ತೂಕದ ವಿಭಾಗಗಳು. ಅತ್ಯಂತ ಕಡಿಮೆಯದು ೫೧ ಕಿಲೋ. ೪೮ ಕಿಲೋದ ಒಳಗೆ ಆಡಿ ಗೆದ್ದಿದ್ದ ಮೇರಿ ತನಗಿಂತ ಎತ್ತರದ, ತೂಕದ ಎದುರಾಳಿಗಳ ನಡುವೆ ನಿಂತು ಕಂಚು ತಂದರು. ಈ ಒಂದು ವಾಕ್ಯದ ಹಿಂದಿನ ಬೆವರನ್ನು ಅಂಕಿ ಅಂಶಗಳು ಹೇಳಲಾರವು. ಮೂವತ್ತರ ಅಂಚಿನ ಇಬ್ಬರು ಮಕ್ಕಳ ತಾಯಿ, ಜೀವಮಾನವೆಲ್ಲ ಇಳಿಸಿಟ್ಟುಕೊಂಡ ತೂಕವನ್ನು ಈಗ ಏರಿಸಿಕೊಳ್ಳಬೇಕು. ಆದರೆ ಕಾಲಿನ ಚುರುಕು ತಗ್ಗಬಾರದು.

೨೦೧೩ರಲ್ಲಿ ಅವರ ಆತ್ಮಕಥೆ ಇಂಗ್ಲಿಷಿನಲ್ಲಿ ಬಂತು. ೨೦೧೪ರ ಸೆಪ್ಟೆಂಬರ್ ೫ರಂದು ಒಮುಂಗ್ ಕುಮಾರ್ ನಿರ್ದೇಶಿಸಿ, ಸಂಜಯ್ ಲೀಲಾ ಬನ್ಸಾಲಿ ನಿರ್ಮಾಣದಲ್ಲಿ ಪಾಲ್ಗೊಂಡ ಹಿಂದಿ ಚಿತ್ರ ತೆರೆಕಂಡಿತು. ಮೇರಿಯಾಗಿ ಪ್ರಿಯಾಂಕಾ ಚೋಪ್ರಾ. ಜನ ಮೆಚ್ಚಿದರು; ಸದಭಿರುಚಿಯ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

*

ಚಿತ್ರದ ಗುಣಗಳನ್ನು ನಾನು ಕಡೆಗಣಿಸುವುದಿಲ್ಲ. ಅದರ ಮೊದಲ ದೃಶ್ಯವನ್ನು ನೆನಪಿಸಿಕೊಳ್ಳಿ. ಕರ್ಫ್ಯೂ ವಿಧಿಸಿದ ರಾತ್ರಿ; ಹೆರಿಗೆ ನೋವಿನ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿರುವ ಗಂಡ; ಅವನನ್ನು ಉಗ್ರಗಾಮಿಯೆಂದು ತಿಳಿದು ಹೊಡೆಯುವ ಪೊಲೀಸರು. ಮಣಿಪುರದಲ್ಲಿ ಇದ್ದು ಬಂದವನಿಗೆ ಆ ನಿರ್ಜನ ರಸ್ತೆ ಸುಳ್ಳೆನಿಸುವುದಿಲ್ಲ. ಸಂಜೆ ಐದಕ್ಕೆಲ್ಲ ಅಂಗಡಿಗಳ ಬಾಗಿಲು ಬೀಳುವ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಚಿತ್ರ ಆ ರಸ್ತೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಪೊಲೀಸರು ಏಕೆ ಹಾಗೆ ವರ್ತಿಸುತ್ತಾರೆ, ಅಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ ಎಂಬುದೊಂದಿದೆ, ಅದರ ವಿರುದ್ಧ ಇರೋಮ್ ಶರ್ಮಿಳಾ ೨೦೦೦ದಿಂದ ೨೦೧೬ರವರೆಗೆ ಹದಿನಾರು ವರ್ಷ ಉಪವಾಸವಿದ್ದರು, ಚಿತ್ರ ತೆರೆಕಂಡ ದಿನವೂ ಆ ಉಪವಾಸ ನಡೆಯುತ್ತಿತ್ತು ಎಂಬುದು ಯಾವುದೂ ಅದಕ್ಕೆ ಬೇಡ. ಕರ್ಫ್ಯೂ ಅಲ್ಲಿ ಕತೆಯ ಕಾರಣವಲ್ಲ, ಹಿನ್ನೆಲೆಯ ಪರದೆ.

ಇನ್ನೊಂದು ಉದಾಹರಣೆ. ೧೯೯೧ರಲ್ಲಿ ಬಿದ್ದ ವಿಮಾನದ ಅವಶೇಷದಲ್ಲಿ ಬಾಲಕಿ ಮೇರಿಗೆ ಬಾಕ್ಸಿಂಗಿನ ಕೈಗವಸು ಸಿಗುತ್ತದೆ ಎಂದು ಚಿತ್ರ ಹೇಳುತ್ತದೆ. ಆ ವರ್ಷ ಆಗಸ್ಟ್ ೧೬ರಂದು ಕಲ್ಕತ್ತೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಇಂಫಾಲದ ಬಳಿ ಬೆಟ್ಟಕ್ಕೆ ಬಡಿದು ೬೯ ಜನ ಸತ್ತದ್ದು ನಿಜ. ಕೈಗವಸು ಚಿತ್ರಕತೆಗಾರರ ಕಲ್ಪನೆ. ಕಲ್ಪನೆ ತಪ್ಪಲ್ಲ. ಆದರೆ ಅದು ಮಾಡಿದ ಕೆಲಸವೇನು ನೋಡಿ. ಮೇರಿಯ ಸ್ಫೂರ್ತಿ ಪಕ್ಕದ ಕಣಿವೆಯ, ತನ್ನದೇ ನಾಡಿನ ಡಿಂಕೊ ಸಿಂಗ್ ಗೆದ್ದ ಪದಕದಿಂದ ಬಂದದ್ದು. ಬೆಟ್ಟದ ಹುಡುಗಿಗೆ ಕಣಿವೆಯ ಹುಡುಗ ದಾರಿ ತೋರಿದ್ದು. ಚಿತ್ರದಲ್ಲಿ ಅದು ಆಕಾಶದಿಂದ ಬೀಳುತ್ತದೆ. ಊರಿನ ಋಣ ಹೋಗಿ ದೈವದ ಕೊಡುಗೆ ಬಂತು. ಕಣಿವೆ ಮತ್ತು ಬೆಟ್ಟಗಳ ನಡುವೆ ೨೦೨೩ರಲ್ಲಿ ಏನಾಯಿತೆಂದು ಬಲ್ಲ ನಮಗೆ ಈ ಬದಲಾವಣೆ ಸಣ್ಣದಾಗಿ ಕಾಣಬಾರದು.

ಚಿತ್ರೀಕರಣವನ್ನು ಮಣಿಪುರದಲ್ಲೇ ಮಾಡಬೇಕೆಂಬ ಆಲೋಚನೆಯಿತ್ತು. ಭದ್ರತೆಯ ಕಾರಣಕ್ಕೆ ಆಗಲಿಲ್ಲ. ಹಿಮಾಚಲದ ಮನಾಲಿ, ಧರ್ಮಶಾಲೆಗಳು ಮಣಿಪುರದ ವೇಷ ತೊಟ್ಟವು. ಅಷ್ಟೇ ಅಲ್ಲ: ರೆವಲ್ಯೂಷನರಿ ಪೀಪಲ್ಸ್ ಫ್ರಂಟ್ ಎಂಬ ಉಗ್ರಗಾಮಿ ಸಂಘಟನೆ ೨೦೦೦ದಲ್ಲಿ ಹಿಂದಿ ಚಿತ್ರಗಳ ಪ್ರದರ್ಶನಕ್ಕೆ ನಿಷೇಧ ಹೇರಿತ್ತು. ಹಾಗಾಗಿ ದೇಶದ ತುಂಬ ಓಡಿದ, ಕೆನಡಾದ ಟೊರಾಂಟೊ ಚಿತ್ರೋತ್ಸವದಲ್ಲೂ ಪ್ರದರ್ಶನಗೊಂಡ ಈ ಚಿತ್ರ ಮೇರಿಯ ತಾಯ್ನಾಡಿನ ಚಿತ್ರಮಂದಿರಗಳಲ್ಲಿ ಮಾತ್ರ ಬರಲಿಲ್ಲ. ನನ್ನ ಹಿರಿಯ ಸಹೋದ್ಯೋಗಿ ಹೈದರಾಬಾದಿಗೆ ಕರೆ ಮಾಡಿದ್ದು ಈ ಕಾರಣಕ್ಕೆ. ಅಲ್ಲಿ ಸಾರ್ವಜನಿಕವಾಗಿ ಹಿಂದಿ ಚಿತ್ರವೊಂದನ್ನು ಮತ್ತೆ ತೋರಿಸಿದ್ದು ೨೦೨೩ರ ಆಗಸ್ಟ್ ೧೫ರಂದು, ಚುರಾಚಾಂದ್‌ಪುರದಲ್ಲಿ, ಹ್ಮಾರ್ ವಿದ್ಯಾರ್ಥಿ ಸಂಘದವರು. ಅಂದು ತೋರಿಸಿದ್ದು ‘ಉರಿ’. ರಾಜ್ಯವೇ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಕಣಿವೆಯವರ ನಿಷೇಧವನ್ನು ಬೆಟ್ಟದವರು ಮುರಿದ ರೀತಿ ಅದು. ಚಿತ್ರರಸಿಕತೆಗಿಂತ ರಾಜಕೀಯವೇ ಅದರಲ್ಲಿ ಮುಂದಿತ್ತು.

*

ಈಗ ನನ್ನ ಊರಿನ ಮಾತು. ನಮ್ಮೂರ ಹನುಮಂತ ದೇವರ ಗುಡಿಯ ಹಿಂದೆ ಗರಡಿಮನೆ, ಮುಂದೆ ಒಂದು ವೀರಗಲ್ಲು. ಅದಕ್ಕೆ ಸೈಕಲ್ ಒರಗಿಸಿ ನಾವು ಆಡಲು ಓಡುತ್ತಿದ್ದೆವು. ಅಮಾವಾಸ್ಯೆಯ ಸಂಜೆ ಅಜ್ಜಿ ಮಾತ್ರ ಅಲ್ಲಿಗೆ ಎಣ್ಣೆಯ ಹಣತೆ ಒಯ್ಯುತ್ತಿದ್ದಳು. ಯಾರದಮ್ಮಾ ಈ ಕಲ್ಲು ಎಂದರೆ, “ನಮ್ಮವನೇ ಒಬ್ಬ, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತ” ಎನ್ನುತ್ತಿದ್ದಳು.

ವೀರಗಲ್ಲಿನ ವಿನ್ಯಾಸ ತಮಗೆಲ್ಲ ಗೊತ್ತಿದೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಡೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲುಗಡೆ ಶಿವಸಾನ್ನಿಧ್ಯ, ಸೂರ್ಯಚಂದ್ರರು. ಬಾಕ್ಸರುಗಳ ಜೀವನಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಈ ಕಲ್ಲೇ ಕಣ್ಣಮುಂದೆ ನಿಲ್ಲುತ್ತದೆ. ಮೊದಲ ಭಾಗ ಬಡತನದೊಡನೆ ಕಾಳಗ. ಎರಡನೆಯದು ಗುರುವಿನ ಕೃಪೆಯಿಂದ ಮೇಲೇಳುವುದು. ಕೊನೆಯಲ್ಲಿ ಪದಕ, ಧ್ವಜ, ರಾಷ್ಟ್ರಗೀತೆ. ‘ಮೇರಿ ಕೋಮ್’ ಚಿತ್ರದ ಕೊನೆಯಲ್ಲಿ ಒಂದು ಕಡೆ ಮಗುವಿನ ಹೃದಯದ ಶಸ್ತ್ರಚಿಕಿತ್ಸೆ, ಇನ್ನೊಂದು ಕಡೆ ಚೀನಾದಲ್ಲಿ ಅಂತಿಮ ಪಂದ್ಯ, ಎರಡನ್ನೂ ಹೆಣೆದು ನಮ್ಮನ್ನು ಮೂರನೆಯ ಅಂತಸ್ತಿಗೆ ಏರಿಸುತ್ತಾರೆ.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ವೀರಗಲ್ಲು ನಿಲ್ಲುತ್ತಿದ್ದದ್ದು ಸತ್ತವನ ನೆಲದಲ್ಲಿ. ಅದರ ಮೇಲೆ ಬರೆಹವಿದ್ದರೆ ಅದು ಆ ಊರಿನವರ ಭಾಷೆಯಲ್ಲಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದಿತ್ತು. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನು ಅದು ದಾಖಲಿಸುತ್ತದೆ. ನಾಯಿಯ ಹೆಸರಿದೆ, ಒಡೆಯ ಮಣಲರನ ಹೆಸರಿದೆ. ಸಾವಿರ ವರ್ಷದ ಹಿಂದೆ ನಮ್ಮ ಜನ ಒಂದು ನಾಯಿಗೂ ಅದರ ಹೆಸರು ಹಿಡಿದು, ಅದು ಸತ್ತ ಸೀಮೆಯಲ್ಲೇ, ಕನ್ನಡದಲ್ಲಿ ಕಲ್ಲು ನಿಲ್ಲಿಸಿದರು. ಮೇರಿಯ ಕಲ್ಲು ಎಲ್ಲೆಡೆ ನಿಂತಿತು, ಅವಳ ಊರಿನಲ್ಲಿ ನಿಲ್ಲಲಿಲ್ಲ. ನಿಷೇಧ ಹೇರಿದವರು ಉಗ್ರಗಾಮಿಗಳು ಎಂದು ಹೇಳಿ ನಾವು ಕೈ ತೊಳೆದುಕೊಳ್ಳಬಹುದು. ಅವರ ತಪ್ಪು ಅವರದು. ಜನರ ಕಣ್ಣಿಗೆ ಬಟ್ಟೆ ಕಟ್ಟುವ ಅಧಿಕಾರ ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಆ ಕತೆಯನ್ನು ಅವಳ ಊರಿನ ಭಾಷೆಯಲ್ಲಿ ಹೇಳಬಹುದೆಂಬ ಯೋಚನೆಯೇ ನಮಗಾರಿಗೂ ಬರದಿದ್ದದ್ದಕ್ಕೆ ಅವರು ಹೊಣೆಯಲ್ಲ.

*

ಇಲ್ಲಿ ಮುಖದ ಪ್ರಶ್ನೆ ಬರುತ್ತದೆ. ಈಶಾನ್ಯದ ಹೆಣ್ಣಿನ ಪಾತ್ರಕ್ಕೆ ಈಶಾನ್ಯದ ನಟಿ ಏಕಿಲ್ಲ ಎಂಬ ಆಕ್ಷೇಪ ಆಗಲೇ ಎದ್ದಿತ್ತು. ಮಣಿಪುರದ ಲಿನ್ ಲೈಶ್ರಾಮ್ ಇದೇ ಚಿತ್ರದಲ್ಲಿ ಸಣ್ಣ ಪಾತ್ರದಲ್ಲಿದ್ದರು. ಮುಂದೆ ಅವರೂ ಈ ಮಾತನ್ನು ಬಹಿರಂಗವಾಗಿ ಆಡಿದರು. ಪ್ರಿಯಾಂಕಾ ಚೋಪ್ರಾ ಅವರೇ ೨೦೨೨ರಲ್ಲಿ ಸಂದರ್ಶನವೊಂದರಲ್ಲಿ, ಆ ಪಾತ್ರ ಈಶಾನ್ಯದವರಿಗೆ ಸಲ್ಲಬೇಕಿತ್ತು ಎಂದು ಒಪ್ಪಿಕೊಂಡರು. ಅವರ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು.

ಆದರೂ ಈ ವಾದವನ್ನು ಕುರುಡಾಗಿ ಎಳೆಯಬಾರದು. ನಟನೆಯೆಂದರೆ ಪರಕಾಯ ಪ್ರವೇಶ. ಒಬ್ಬನ ಕತೆಗೆ ಇನ್ನೊಬ್ಬನ ಮುಖ ಕೊಡುವುದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ನಾವು ಕುಳಿತಿರುವ ಈ ತೆಲಂಗಾಣದ ವೇಮುಲವಾಡದಲ್ಲಿಯೇ ಆಳುತ್ತಿದ್ದ ಅರಿಕೇಸರಿಯನ್ನು ಪಂಪ ಅರ್ಜುನನೊಡನೆ ಅಭೇದವಾಗಿಸಿ ಹತ್ತನೆಯ ಶತಮಾನದಲ್ಲಿ ಭಾರತವನ್ನು ಹೇಳಿದ. ರನ್ನ ತನ್ನ ಗದಾಯುದ್ಧದ ಭೀಮನಿಗೆ ಸತ್ಯಾಶ್ರಯನ ಮುಖ ಕೊಟ್ಟ. ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಆಸ್ಥಾನಕ್ಕೆ ಒಂದು ಭಾಷೆ, ನೆರೆಯವರಿಗೆ ಒಂದು, ಶಾಸ್ತ್ರಕ್ಕೆ ಒಂದು. ಯಾವುದೂ ಇನ್ನೊಂದರ ಬಾಯಿ ಮುಚ್ಚಿಸಲಿಲ್ಲ. ಆದ್ದರಿಂದ ರಕ್ತವನ್ನು ಪರೀಕ್ಷಿಸಿ ಪಾತ್ರ ಹಂಚಬೇಕೆಂದು ನಾನು ಹೇಳುವುದಿಲ್ಲ. ನನ್ನ ಪ್ರಶ್ನೆ ಅವಕಾಶದ್ದು. ಮುಂಬಯಿಯ ನಟಿಗೆ ಮೇರಿಯಾಗುವ ಅವಕಾಶವಿದೆ. ಚುರಾಚಾಂದ್‌ಪುರದ ನಟಿಗೆ ಝಾನ್ಸಿಯ ರಾಣಿಯಾಗುವ ಅವಕಾಶವಿದೆಯೆ? ಎರಡೂ ಬಾಗಿಲು ತೆರೆದಿದ್ದರೆ ಅದು ಕಲೆ. ಒಂದೇ ತೆರೆದಿದ್ದರೆ ಅದು ಯಜಮಾನಿಕೆ.

ನಮ್ಮ ಚಿತ್ರರಂಗದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳಲ್ಲಿ ಪರವಶವಾಗಿದ್ದ ಕಾಲ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ೧೯೬೦ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಮಲ್ಲನನ್ನು ಸೋಲಿಸಿದನೆಂದು ಪ್ರತೀತಿಯಿರುವ ಮೈಸೂರಿನ ಅರಸನ ಕತೆ. ಪರನಾಡಿನಲ್ಲಿ ಗೆದ್ದ ಮಲ್ಲನ ಕತೆಯನ್ನು ಪರನಾಡಿನಲ್ಲಿದ್ದ ಕಲಾವಿದರು ತಮ್ಮದೇ ಜೇಬಿನಿಂದ, ತಮ್ಮದೇ ನುಡಿಯಲ್ಲಿ ತೆಗೆದರು. ಚರಿತ್ರೆಯ ದೃಷ್ಟಿಯಿಂದ ಅದರಲ್ಲಿ ಕೊರತೆಗಳು ಇರಬಹುದು. ಆದರೆ ಮೈಸೂರಿನ ಗರಡಿಯ ಹುಡುಗ ಅದನ್ನು ತನ್ನ ಊರಿನ ಟಾಕೀಸಿನಲ್ಲಿ, ತನ್ನ ಮಾತಿನಲ್ಲಿ ನೋಡಿದ.

*

ಜೀವನಚಿತ್ರದ ಇನ್ನೊಂದು ಕಷ್ಟವನ್ನೂ ಹೇಳಬೇಕು: ಅದು ಸೂರ್ಯನಂತೆ ಒಬ್ಬರನ್ನೇ ಬೆಳಗಿಸಿ ಉಳಿದವರನ್ನು ನೆರಳಿಗೆ ತಳ್ಳುತ್ತದೆ. ಬಾಕ್ಸರನ ಜೀವನದ ಮೇಲೆ ಬಂದ ಚಿತ್ರಗಳಲ್ಲಿ ಶ್ರೇಷ್ಠವೆಂದು ಹೆಸರಾದದ್ದು ಮಾರ್ಟಿನ್ ಸ್ಕಾರ್ಸೇಸಿಯ ‘ರೇಜಿಂಗ್ ಬುಲ್’, ೧೯೮೦ರದು. ಜೇಕ್ ಲಮೋಟಾ ಎಂಬ ಚಾಂಪಿಯನ್ನನ ಕತೆ. ಅವನು ೧೯೪೭ರಲ್ಲಿ ಬೇಕೆಂದೇ ಒಂದು ಪಂದ್ಯ ಸೋತದ್ದು, ಹೆಂಡತಿಯನ್ನು ಹೊಡೆದದ್ದು, ಜೈಲಿನ ಗೋಡೆಗೆ ಮುಷ್ಟಿಯಿಂದ ಗುದ್ದಿ ಅತ್ತದ್ದು ಎಲ್ಲವೂ ಅಲ್ಲಿದೆ. ಆಗಿನ್ನೂ ಬದುಕಿದ್ದ ಲಮೋಟಾ, ತನ್ನ ಪಾತ್ರ ಮಾಡಿದ ರಾಬರ್ಟ್ ಡಿ ನಿರೋಗೆ ತಾನೇ ಬಾಕ್ಸಿಂಗ್ ಕಲಿಸಿದ. ತನ್ನ ಕೆಡುಕನ್ನು ತೆರೆಯ ಮೇಲೆ ಒಪ್ಪಿಕೊಳ್ಳುವ ಆ ಧೈರ್ಯ ನಮ್ಮಲ್ಲಿಲ್ಲ. ನಮ್ಮಲ್ಲಿ ಜೀವನಚಿತ್ರ ಎಂದರೆ ಅಭಿನಂದನ ಗ್ರಂಥ.

ಮೇರಿಯ ಚಿತ್ರದಲ್ಲಿ, ಅಧಿಕಾರದಲ್ಲಿರುವವರು ಅವಕಾಶ ಕೊಡದೆ ಅವಮಾನಿಸುವ ದೃಶ್ಯಗಳಿವೆ; ನಮ್ಮ ಮಕ್ಕಳು ಆಗ ಹಲ್ಲು ಕಡಿದರು. ಈಗ ೨೦೧೯ಕ್ಕೆ ಬನ್ನಿ. ನಮ್ಮ ನಿಜಾಮಾಬಾದಿನ ನಿಖತ್ ಜರೀನ್, ೨೦೧೧ರಲ್ಲೇ ಕಿರಿಯರ ವಿಶ್ವ ಚಾಂಪಿಯನ್ ಆದವಳು, ಮೇರಿಯ ೫೧ ಕಿಲೋ ವಿಭಾಗದಲ್ಲೇ ಇದ್ದಳು. ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಪಂದ್ಯಗಳಿಗೆ ಆಯ್ಕೆ ಪರೀಕ್ಷೆಯಿಲ್ಲದೆಯೇ ಮೇರಿಯನ್ನು ಕಳುಹಿಸುವ ಮಾತು ಬಂದಾಗ ಅವಳು ಕ್ರೀಡಾ ಸಚಿವರಿಗೆ ಪತ್ರ ಬರೆದು ಒಂದು ಅವಕಾಶ ಕೇಳಿದಳು. ಡಿಸೆಂಬರ್ ೨೮ರಂದು ದೆಹಲಿಯಲ್ಲಿ ಪಂದ್ಯ ನಡೆಯಿತು. ಮೇರಿ ೯–೧ರಿಂದ ಗೆದ್ದರು. ಗೆದ್ದ ಮೇಲೆ ಕೈಕುಲುಕಲಿಲ್ಲ. ಪಂದ್ಯ ನ್ಯಾಯವಾಗಿ ಗೆದ್ದದ್ದು. ಆದರೆ ಬಾಗಿಲು ತಟ್ಟಿದ್ದ ಹುಡುಗಿಯ ಕತೆ ನೋಡಿ ಅತ್ತ ನಾವು, ಇನ್ನೊಬ್ಬ ಹುಡುಗಿ ಬಾಗಿಲು ತಟ್ಟಿದಾಗ ಯಾರ ಪಕ್ಷ ಹಿಡಿಯಬೇಕು? ಮೇರಿಯ ಚಿತ್ರದಲ್ಲಿ ನಿಖತ್ ಉದ್ಧಟ ಹುಡುಗಿ. ನಿಖತಳ ಚಿತ್ರ ಬಂದರೆ ಅದರಲ್ಲಿ ಮೇರಿ ಮುಚ್ಚಿದ ಬಾಗಿಲು. ಎರಡೂ ಅರ್ಧಸತ್ಯ. ನಿಖತ್ ೨೦೨೨ರಲ್ಲಿ ಇಸ್ತಾಂಬುಲಿನಲ್ಲಿ, ೨೦೨೩ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದಳು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪದಕವಿಲ್ಲದೆ ಕಣ್ಣೀರಿಟ್ಟಳು. ಜೀವನ ಚಿತ್ರದಂತೆ ರಾಷ್ಟ್ರಗೀತೆಯೊಂದಿಗೆ ಮುಗಿಯುವುದಿಲ್ಲ.

ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗವನ್ನು ಸ್ಮರಿಸಿ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ವಜ್ರನಖ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಎದುರಾಳಿಯನ್ನು ನೆಲಕ್ಕೆ ಕೆಡವುವುದು ಅಲ್ಲಿಯ ಗುರಿಯಲ್ಲ. ಮಾರನೆಯ ದಿನದಿಂದ ಇಬ್ಬರೂ ಮತ್ತೆ ಒಂದೇ ಸಮುದಾಯದವರು. ಜೀವನಚಿತ್ರ ಮಾಡುವವರು ಈ ನಿಯಮವನ್ನು ಕಲಿತರೆ ಒಳ್ಳೆಯದು.

ನಾವು ಸೇರಿರುವ ಈ ಬೇಗಂಪೇಟೆಯೂ ನಮಗೆ ಅದನ್ನೇ ಹೇಳುತ್ತದೆ. ಹಳೆಯ ವಿಮಾನ ನಿಲ್ದಾಣದ ಸಮೀಪದ ಕಟ್ಟಡದಲ್ಲಿ ೧೮೯೭ರ ಆಗಸ್ಟ್ ೨೦ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡ. ೧೯೦೨ರಲ್ಲಿ ನೊಬೆಲ್ ಪಡೆದ. ಕಟ್ಟಡಕ್ಕೆ ಅವನ ಹೆಸರಿದೆ. ಆ ಸೊಳ್ಳೆಗಳಿಗೆ ಮೈಯೊಡ್ಡಿ ಕಚ್ಚಿಸಿಕೊಂಡವನು ಹುಸೇನ್ ಖಾನ್ ಎಂಬ ರೋಗಿ. ಸೊಳ್ಳೆಯೊಂದಕ್ಕೆ ಒಂದು ಆಣೆ ಕೂಲಿ. ರಾಸನ ಜೀವನಚರಿತ್ರೆಯಲ್ಲಿ ಹುಸೇನ್ ಖಾನನಿಗೆ ಸಿಗುವುದು ಒಂದೋ ಎರಡೋ ಸಾಲು. ಅವನ ಕತೆಯನ್ನು ಉರ್ದುವಿನಲ್ಲೋ ತೆಲುಗಿನಲ್ಲೋ ಯಾರಾದರೂ ಬರೆದಿಡಬೇಕಿತ್ತು.

*

ಹಾಗೆಂದು ಚಿತ್ರಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳಿದೆನೆಂದು ಭಾವಿಸಬೇಡಿ. ಸೇನೆಯಲ್ಲಿ ಬಾಕ್ಸರನಾಗಿದ್ದು, ೧೯೬೫ರ ಯುದ್ಧದಲ್ಲಿ ಗಾಯಗೊಂಡು, ೧೯೭೨ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದ ಮುರಳೀಕಾಂತ ಪೇಟಕರರನ್ನು ದೇಶ ಮರೆತಿತ್ತು. ೨೦೨೪ರಲ್ಲಿ ‘ಚಂದು ಚಾಂಪಿಯನ್’ ಬಂತು. ೨೦೨೫ರ ಜನವರಿಯಲ್ಲಿ ಅರ್ಜುನ ಪ್ರಶಸ್ತಿ ಅವರ ಕೈ ಸೇರಿತು. ಮೇರಿಯ ಚಿತ್ರವೂ ಲಕ್ಷಾಂತರ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಒಂದು ಮಾತನ್ನು ಕಲಿಸಿತು. ದೇಶಕ್ಕೆ ‘ಕೋಮ್’ ಎಂಬ ಎರಡಕ್ಷರವಾದರೂ ತಿಳಿಯಿತು. ೨೦೨೩ರಲ್ಲಿ ಮಣಿಪುರ ಹೊತ್ತಿ ಉರಿದಾಗ, ಎರಡು ದೊಡ್ಡ ಸಮುದಾಯಗಳ ನಡುವೆ ಸಿಲುಕಿದ ಕೋಮ್ ಹಳ್ಳಿಗಳನ್ನು ಕಾಪಾಡಿ ಎಂದು ಮೇರಿ ಕೇಂದ್ರ ಗೃಹ ಸಚಿವರಿಗೆ ಪತ್ರ ಬರೆದರು. ಪತ್ರಿಕೆಗಳು ಅದನ್ನು ಪ್ರಕಟಿಸಿದವು. ಅದು ಆ ಹೆಸರಿನ ಬಲ.

ಆ ದಿನಗಳಲ್ಲಿ ನಾನು ಹಿರಿಯ ಸಹೋದ್ಯೋಗಿಗೆ ಕರೆ ಮಾಡಿದೆ. ಬಹಳ ದಿನ ಸಂಪರ್ಕ ಸಿಗಲಿಲ್ಲ. ಸಿಕ್ಕಾಗ, ಕ್ಷೇಮ ಎಂದಷ್ಟೇ ಹೇಳಿದರು. ನಾನು ಆ ಹಳೆಯ ಪ್ರಶ್ನೆಯನ್ನು ಎತ್ತಿ, ಅಂದು ಉತ್ತರ ಕೊಡಲಾಗಲಿಲ್ಲ ಎಂದೆ. ಅವರು ನಕ್ಕರು. “ನೀವು ಇಲ್ಲಿದ್ದಾಗ ನಮ್ಮೆಲ್ಲರನ್ನೂ ಮಣಿಪುರಿಗಳು ಎನ್ನುತ್ತಿದ್ದಿರಿ, ಸರ್. ಸಿನಿಮಾದವರೂ ಹಾಗೆಯೇ ಅಂದುಕೊಂಡಿದ್ದರೆ ಅವರದೇನು ತಪ್ಪು?” ಎಂದರು. ಅದರಲ್ಲಿ ಕಹಿಯಿರಲಿಲ್ಲ; ಅದಕ್ಕೇ ಹೆಚ್ಚು ನಾಟಿತು. ತರಬೇತಿಯ ದಿನಗಳಲ್ಲಿ ದೆಹಲಿಯ ಗೆಳೆಯರು ನನ್ನನ್ನು ‘ಮದರಾಸಿ’ ಎಂದಾಗ ಕನ್ನಡದ ಎರಡು ಸಾವಿರ ವರ್ಷಗಳ ಚರಿತ್ರೆಯನ್ನು ಒಂದೇ ಉಸಿರಿಗೆ ಹೇಳಿ ಜಗಳವಾಡಿದವನು ನಾನು. ಇಂಫ಼ಾಲದಲ್ಲಿ ಎರಡು ವರ್ಷ ಕುಳಿತು, ದಿನವೂ ನನಗೆ ಕಡತ ತಂದುಕೊಡುತ್ತಿದ್ದ ಮನುಷ್ಯನ ಭಾಷೆಯ ಹೆಸರನ್ನು ಕೇಳಲಿಲ್ಲ. ಹಿಂದಿಯಲ್ಲಿ ಮಾತನಾಡಿ ಹಿಂದಿಯಲ್ಲಿ ಉತ್ತರ ನಿರೀಕ್ಷಿಸಿದೆ.

ಹೋದ ತಿಂಗಳು ಇಲ್ಲಿ ಚಿತ್ರವನ್ನು ಮತ್ತೆ ನೋಡುವಾಗ ಕಿವಿ ತೆರೆದು ಕುಳಿತಿದ್ದೆ. ಪ್ರಿಯಾಂಕಾ ಹಾಡಿರುವ ಲಾಲಿಯಲ್ಲಿ ‘ಚಾವೊರೊ’ ಎಂಬ ಒಂದು ಪದ ಬರುತ್ತದೆ. ಬೆಳೆದು ದೊಡ್ಡದಾಗು ಎಂಬ ಅರ್ಥದ ಮಣಿಪುರಿ ಪದ. ಅದು ಕಣಿವೆಯವರ ಭಾಷೆ. ಮೇರಿಯ ತಾಯಿ ಲಾಲಿ ಹಾಡಿದ ಭಾಷೆ ಅದಲ್ಲ. ನನ್ನ ಕಿವಿಗೆ ಬಿದ್ದದ್ದು ಅಷ್ಟು. ನನ್ನ ಬಾಕಿ ಉತ್ತರ ಅದು.

ಬಂಧುಗಳೆ, ನಾವೂ ಕತೆಯಿಲ್ಲದವರಲ್ಲ. ೧೯೫೬ರ ನವೆಂಬರ್ ಒಂದರವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳಿಗೆ ಈ ಹೈದರಾಬಾದೇ ರಾಜಧಾನಿ. ಅಲ್ಲಿಂದ ಓದಲು ಬಂದವರು, ಕೆಲಸಕ್ಕೆ ಬಂದವರು, ಕಾಚಿಗುಡದಲ್ಲಿ ಕನ್ನಡ ಶಾಲೆ ಕಟ್ಟಿದವರು, ಸಾಹಿತ್ಯ ಮಂದಿರ ಕಟ್ಟಿದವರು ಇದ್ದಾರೆ. ಅವರಲ್ಲಿ ಎಷ್ಟೋ ಜನರ ಬದುಕು ಯಾವ ಬಾಕ್ಸರನ ಬದುಕಿಗೂ ಕಡಿಮೆಯದಲ್ಲ. ಅವರ ಮೊಮ್ಮಕ್ಕಳು ಈಗ ಮನೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತೆಲುಗು, ಸ್ನೇಹಿತರೊಡನೆ ಹಿಂದಿ ಆಡುತ್ತಾರೆ. ಯಾರೋ ದೊಡ್ಡ ಬಂಡವಾಳ ಹಾಕಿ ನಮ್ಮ ಕತೆಯನ್ನು ಹೇಳುವವರೆಗೆ ನಾವು ಕಾಯುವುದು ಬೇಡ. ಹೇಳಿದರೂ ಅದು ನಮ್ಮ ಮಾತಿನಲ್ಲಿ ಇರಲಾರದು. ಸಂಘದ ತ್ರೈಮಾಸಿಕದ ಪ್ರತಿ ಸಂಚಿಕೆಯಲ್ಲೂ ಈ ಊರಿನ ಒಬ್ಬ ಕನ್ನಡಿಗನ, ಕನ್ನಡತಿಯ ಜೀವನವನ್ನು ನಾಲ್ಕು ಪುಟ ಬರೆಸೋಣ. ಚಾಂಪಿಯನ್ ಆಗಿರಬೇಕೆಂದಿಲ್ಲ. ತಪ್ಪುಗಳನ್ನೂ ಬರೆಯೋಣ, ಲಮೋಟಾನಂತೆ. ಮೊದಲ ಬರೆಹವನ್ನು ಈ ಸಭೆಯಲ್ಲಿರುವ ಮಕ್ಕಳೇ ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ. ತಪ್ಪು ಕನ್ನಡವಾದರೂ ಸರಿಯೇ, ತಿದ್ದಲು ನಾವಿದ್ದೇವೆ.

ನಮ್ಮೂರ ವೀರಗಲ್ಲಿನ ಮೇಲೆ ಅಕ್ಷರವಿಲ್ಲ. ಅಜ್ಜಿ ಹೋದ ಮೇಲೆ ಹಣತೆ ಹಚ್ಚುವವರೂ ಇಲ್ಲ. ಆ ಮನುಷ್ಯನ ಹೆಸರೇನೆಂದು ಅಜ್ಜಿಯನ್ನು ನಾನು ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಗೊತ್ತಿತ್ತೋ ಏನೋ.